ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬರುವ ಸದ್ದು

"ಗಾಡಿ ಸದ್ದು ಮಾಡ್ತಿದೆ, ವೀಲ್ ಬೇರಿಂಗ್ ಹೋಗಿರಬೇಕು" ಎಂದು ತೀರ್ಮಾನ ಮಾಡಿಕೊಂಡೇ ಗ್ಯಾರೇಜಿಗೆ ಬರುವವರು ಬಹಳ ಮಂದಿ. ಸದ್ದು ಗುಂಯ್ ಅನ್ನುತ್ತದೋ ಕಟಕಟ ಅನ್ನುತ್ತದೋ ಆಮೇಲೆ ನೋಡೋಣ, ಯಾವಾಗ ಬರುತ್ತದೆ ಹೇಳಿ ಎಂದರೆ ತಡವರಿಸುತ್ತಾರೆ. ಆ ಒಂದು ಉತ್ತರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ.

ಖಾಲಿ ರಸ್ತೆಯಲ್ಲಿ ಸದ್ದು ಬರುವ ವೇಗಕ್ಕೆ ಹೋಗಿ, ಆಕ್ಸಿಲರೇಟರ್ ಒತ್ತಿ, ಬಿಡಿ, ಮತ್ತೆ ಒತ್ತಿ. ವೇಗ ಹೆಚ್ಚುಕಮ್ಮಿ ಅಷ್ಟೇ ಇದ್ದು ಸದ್ದು ಮಾತ್ರ ಬಂದು ಹೋಗುತ್ತಿದ್ದರೆ ಅದು ಎಳೆತದ ಸದ್ದು, ಅಂದರೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಭಾಗಗಳದ್ದು. ಒತ್ತಿದರೂ ಬಿಟ್ಟರೂ ಒಂದೇ ಸಮ ಬರುತ್ತಿದ್ದರೆ ವೀಲ್ ಬೇರಿಂಗ್ ಅಥವಾ ಟೈರ್ ನೋಡಬೇಕು. ತಿರುವಿನಲ್ಲಿ ಭಾರ ಹೊರಗಿನ ಚಕ್ರದ ಮೇಲೆ ಬೀಳುವುದರಿಂದ, ಬಲಕ್ಕೆ ತಿರುಗುವಾಗ ಸದ್ದು ಏರಿದರೆ ಸಾಮಾನ್ಯವಾಗಿ ಎಡಗಡೆಯ ಬೇರಿಂಗ್. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಹತ್ತಿದ ಕೂಡಲೇ ದನಿ ಬದಲಾದರೆ ಟೈರ್. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟಾಗಲೂ ಬಂದರೆ ಎಂಜಿನ್, ಸೈಲೆನ್ಸರಿನ ಸಡಿಲ ತಗಡು, ಗೇರ್‌ಬಾಕ್ಸ್ ಕಡೆ ಹುಡುಕಿ. ಕ್ಲಚ್ ತುಳಿದಾಗ ನಿಂತುಹೋದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ನನ್ನ ಅನುಮಾನ.

ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಸಿವಿ ಜಾಯಿಂಟ್, ಅಂದರೆ ಚಕ್ರಕ್ಕೆ ಬಲ ಒಯ್ಯುವ ಶಾಫ್ಟಿನ ಎರಡು ತುದಿಯ ಬಾಗುವ ಕೀಲು, ಮುಖ್ಯ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ರೇಸ್ ಕೊಟ್ಟಾಗ ಕಟ್ ಕಟ್ ಅಂದರೆ ಹೊರಗಿನ ಜಾಯಿಂಟ್. ನೇರ ಹೋಗುವಾಗ, ಎಳೆತ ಬಿದ್ದ ಕೂಡಲೇ ಗಾಡಿ ಅದುರಿ, ಕಾಲು ತೆಗೆದರೆ ಸರಿಯಾದರೆ ಒಳಗಿನದು. ರಿಮ್ಮಿನ ಒಳಮೈಯಲ್ಲಿ ಗ್ರೀಸ್ ಸಿಡಿದ ಗುರುತಿದೆಯೇ ನೋಡಿ: ಇದ್ದರೆ ಬೂಟ್, ಅಂದರೆ ಜಾಯಿಂಟಿನ ಮೇಲಿನ ರಬ್ಬರ್ ಕವಚ, ಹರಿದಿರುತ್ತದೆ. ತೋಟದ ದಾರಿಯಲ್ಲಿ ಓಡುವ ಕಾರುಗಳಿಗೆ ಮಳೆಗಾಲ ಮುಗಿದ ಕೂಡಲೇ ಇದನ್ನು ನೋಡಿಸಲೇಬೇಕು. ಬೂಟ್ ಹರಿದ ಹೊಸತರಲ್ಲೇ ಕಂಡರೆ ಬೂಟ್ ಮತ್ತು ಗ್ರೀಸಿನ ಖರ್ಚಷ್ಟೇ. ಮಣ್ಣು ಒಳಗೆ ಹೋದ ಮೇಲೆ ಜಾಯಿಂಟನ್ನೇ ಬದಲಿಸಬೇಕಾಗುತ್ತದೆ.

ಹಿಂದಿನ ಚಕ್ರ ಎಳೆಯುವ ಜೀಪು, ಪಿಕಪ್‌ಗಳಲ್ಲೇ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು. ಕಾಫಿ ಮೂಟೆ ಹೊರುವ ಒಂದು ಪಿಕಪ್ ಬಂದಿತ್ತು. ಬೇರೆ ಕಡೆ ಎರಡೂ ಹಿಂದಿನ ಬೇರಿಂಗ್ ಬದಲಿಸಿದ್ದರು, ಹೊರಡುವಾಗಿನ ಚಿಂವ್ ಚಿಂವ್ ಹಾಗೇ ಇತ್ತು. ನಾವು ಟೈರಿಗೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆದು, ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಡಿಸಿ, ಹುಡುಗನನ್ನು ಪಕ್ಕದಲ್ಲಿ ನಡೆಸಿದೆವು. ಇಂಥ ಗಾಡಿಯ ಚಕ್ರ ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಹೆಚ್ಚು ಉರುಳುತ್ತದೆ. ಅಷ್ಟರಲ್ಲಿ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸುಮಾರು 4 ಸುತ್ತು ತಿರುಗಿರುತ್ತದೆ, ಏಕೆಂದರೆ ಹಿಂದಿನ ಆಕ್ಸಲ್ ನಡುವಿನ ಗೇರ್ ಗುಂಪಾದ ಡಿಫರೆನ್ಷಿಯಲ್ ವೇಗವನ್ನು ಸುಮಾರು ಅಷ್ಟು ಪಟ್ಟು ಇಳಿಸುತ್ತದೆ. ಗೆರೆ ಒಮ್ಮೆ ಕೆಳಗೆ ಬರುವಷ್ಟರಲ್ಲಿ ಸದ್ದು ಒಂದೇ ಸಲ ಬಂದರೆ ಚಕ್ರ, ಡ್ರಮ್, ಆಕ್ಸಲ್. ನಾಲ್ಕು ಅಥವಾ ಹೆಚ್ಚು ಸಲ ಬಂದರೆ ಶಾಫ್ಟ್, ಅದರ ಕ್ರಾಸ್ (ಶಾಫ್ಟಿನ ತುದಿಯ ಬಾಗುವ ಕೀಲಿನೊಳಗಿನ + ಆಕಾರದ ತುಂಡು), ಪಿನಿಯನ್ (ಶಾಫ್ಟ್ ತಿರುಗಿಸುವ, ಡಿಫರೆನ್ಷಿಯಲ್ಲಿನ ಸಣ್ಣ ಗೇರ್). ಇಲ್ಲಿ ಒಂದು ಗೆರೆಗೆ ನಾಲ್ಕು ಚಿಂವ್ ಬಂತು. ಕೆಳಗೆ ನೋಡಿದರೆ ಕ್ರಾಸಿನ ಒಂದು ಕಪ್ಪಿನ ಸೀಲ್ ಸುತ್ತ ಕೆಂಪು ಪುಡಿ. ಗ್ರೀಸ್ ಒಣಗಿ ಸೂಜಿ ಬೇರಿಂಗ್ ತುಕ್ಕು ಹಿಡಿದಾಗ ಉದುರುವ ಪುಡಿ ಅದು. ಗಾಡಿ ಹೊರಡುವಾಗ, ರಿವರ್ಸ್ ಹಾಕಿದಾಗ ಟಕ್ ಎಂದು ಹೊಡೆಯುವುದೂ ಹೆಚ್ಚಾಗಿ ಇದೇ ಕ್ರಾಸ್, ಇಲ್ಲವೇ ಸಡಿಲವಾದ ಗೇರ್‌ಬಾಕ್ಸ್ ಮೌಂಟಿಂಗ್.

ಡಿಫರೆನ್ಷಿಯಲ್ಲಿನ ಕೂಗು ಬೇರೆ ಥರ, ಸಣ್ಣಗೆ ಎಳೆದು ಹಾಡಿದ ಹಾಗೆ. ಚಾರ್ಮಾಡಿ ಹತ್ತುವಾಗ ಪಿನಿಯನ್ ತಿರುಗಿಸುವ ದೊಡ್ಡ ಗೇರಾದ ಕ್ರೌನಿನ ಹಲ್ಲಿನ ಒಂದು ಮುಖಕ್ಕೆ ಭಾರ, ಅದೇ ಘಾಟಿಯನ್ನು ಗೇರಿನಲ್ಲಿ ಇಳಿಯುವಾಗ ಇನ್ನೊಂದು ಮುಖಕ್ಕೆ. ಹತ್ತುವಾಗ ಮಾತ್ರ ಕೂಗಿದರೆ ಆ ಮುಖ ಸವೆದಿರಬಹುದು ಅಥವಾ ಪಿನಿಯನ್ ಸೆಟ್ಟಿಂಗ್ ತಪ್ಪಿರಬಹುದು. ಎರಡರಲ್ಲೂ ಬಂದರೆ ಮೊದಲು ಒಳಗಿನ ಬೇರಿಂಗ್ ನೋಡಿ. ಯಾವುದೇ ಆದರೂ ಹೌಸಿಂಗ್ ಬಿಚ್ಚಿಸುವ ಮುಂಚೆ ಆಯಿಲ್ ಲೆವೆಲ್ ನೋಡಿಸಿ, ಆ ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಲೋಹದ ಚೂರು ಚುಚ್ಚಿದರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಕ್ರಾಸ್ ಬದಲಿಸುವಾಗ ಶಾಫ್ಟ್ ಇಳಿಸುವ ಮೊದಲು ಫ್ಲ್ಯಾಂಜಿಗೂ (ಬೋಲ್ಟ್ ಹಾಕಿ ಬಿಗಿಯುವ ತಟ್ಟೆ), ಜಾರುವ ಸ್ಪ್ಲೈನ್ (ಉದ್ದುದ್ದ ಹಲ್ಲುಗಳ) ಜೋಡಣೆಗೂ ಪೇಂಟಿನಲ್ಲಿ ಗುರುತು ಹಾಕಲು ಮೆಕ್ಯಾನಿಕ್‌ಗೆ ಹೇಳಿ. ಎರಡು ತುದಿಯ ಯೋಕ್‌ಗಳು (ಕ್ರಾಸನ್ನು ಹಿಡಿಯುವ ಕವೆಗಳು) ಒಂದೇ ನೇರಕ್ಕೆ ಕೂರದಿದ್ದರೆ, ಹಳೇ ಸದ್ದು ಹೋಗಿ ಹೊಸ ನಡುಕ ಶುರುವಾಗುತ್ತದೆ.