‘ಲಕ್ಷ್ಮೀನಾರಾಯಣ’ನಿಗೆ ಎಷ್ಟು ಜಾಗ ಬೇಕು?

ಇಂಟರ್‌ವ್ಯೂಗೆ ಬಂದವರ ಮುಂದೆ ಒಂದು ಬಿಳಿ ಹಾಳೆ ಇಟ್ಟು ‘ಲಕ್ಷ್ಮೀನಾರಾಯಣ’ ಎಂದು ಕನ್ನಡದಲ್ಲಿ ಬರೆಯುತ್ತೇನೆ. ‘ಈ ಹೆಸರನ್ನು ಡೇಟಾಬೇಸಿನಲ್ಲಿ ಇಡಬೇಕು. ಎಷ್ಟು ಜಾಗ ಬೇಕು?’ ಇಷ್ಟೇ ಪ್ರಶ್ನೆ. ಕೆಲವರು ನಗುತ್ತಾರೆ. ಕೆಲವರು ಬೆರಳು ಮಡಚಿ ಎಣಿಸಿ ‘ಆರು’ ಎನ್ನುತ್ತಾರೆ.

ಆರು ತಪ್ಪಲ್ಲ. ಲ, ಕ್ಷ್ಮೀ, ನಾ, ರಾ, ಯ, ಣ. ಶಾಲೆಯಲ್ಲಿ ಕಲಿತ ಲೆಕ್ಕದಲ್ಲಿ ಆರೇ. ಎಲ್ಲ ಭಾಷೆಗಳ ಬರಹಕ್ಕೂ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಮಾತ್ರ ಅದು 13 ತುಂಡು. ‘ಕ್ಷ್ಮೀ’ ಒಂದರಲ್ಲೇ ಆರು ತುಂಡುಗಳಿವೆ: ಮೂರು ವ್ಯಂಜನ, ಎರಡು ಹಲಂತ, ಒಂದು ದೀರ್ಘದ ಗುರುತು. ಆ ತುಂಡುಗಳನ್ನು ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ತುಂಡಿಗೂ 3 ಬೈಟ್ ಜಾಗ. ಅಲ್ಲಿಗೆ 39 ಬೈಟ್ ಆಯಿತು. ಇದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 15 ಅಕ್ಷರ, 15 ಬೈಟ್.

ಯಾವ ಅಂಕಿ ಹೇಳುತ್ತಾರೆ ಅನ್ನೋದರ ಮೇಲೆ ನಾನು ಮಾರ್ಕ್ಸ್ ಕೊಡುವುದಿಲ್ಲ. ಒಬ್ಬ ಹುಡುಗಿ ಉತ್ತರ ಕೊಡುವ ಮೊದಲು ‘ಯಾವ ಡೇಟಾಬೇಸ್ ಸರ್?’ ಎಂದು ಕೇಳಿದಳು. ಉಳಿದ ಪ್ರಶ್ನೆಗಳನ್ನು ಅಲ್ಲಿಗೇ ಅರ್ಧ ಮಾಡಿಬಿಟ್ಟೆ. ಒರಾಕಲ್ ಎಂಬ ಡೇಟಾಬೇಸಿನಲ್ಲಿ ಬರಹ ಇಡುವ ವಾರ್‌ಚಾರ್2 ಕಾಲಂಗೆ ಅಳತೆ 30 ಎಂದು ಕೊಟ್ಟರೆ, ಬೇರೆ ಏನೂ ಹೇಳದಿದ್ದರೆ ಸಾಮಾನ್ಯವಾಗಿ ಅದು 30 ಬೈಟ್. ಇನ್ನೊಂದು ಡೇಟಾಬೇಸ್ ಪೋಸ್ಟ್‌ಗ್ರೆಸ್‌ನಲ್ಲಿ ಅದೇ 30 ಅಂದರೆ ಯೂನಿಕೋಡಿನ 30 ತುಂಡು. ಒಂದೇ ಸಂಖ್ಯೆ, ಎರಡು ಅರ್ಥ.

ಇದು ಸುಮ್ನೆ ಹುಟ್ಟಿಸಿದ ಪ್ರಶ್ನೆ ಅಲ್ಲ. ವರ್ಷಗಳ ಹಿಂದೆ ನಾವು ಒಬ್ಬ ಗ್ರಾಹಕರಿಗೆ ಅರ್ಜಿಗಳನ್ನು ಸೇರಿಸಿಕೊಳ್ಳುವ ಸಿಸ್ಟಂ ಮಾಡಿಕೊಟ್ಟಿದ್ದೆವು. ಡೇಟಾಬೇಸ್ ಒರಾಕಲ್, ಹೆಸರಿನ ಕಾಲಂ 30. ಇಂಗ್ಲಿಷ್ ಹೆಸರು ಹಾಕಿ ಟೆಸ್ಟ್ ಮಾಡಿದ್ದೆವು, ಎಲ್ಲ ಪಾಸ್. ಕನ್ನಡದ ಅರ್ಜಿ ಬರಲು ಶುರುವಾದ ದಿನವೇ ಅರ್ಜಿಗಳನ್ನು ಡೇಟಾಬೇಸಿಗೆ ತುಂಬುವ ರಾತ್ರಿಯ ಲೋಡ್ ಮುರಿದುಬಿತ್ತು. ಕಾಲಂ ಹಿಡಿಸುವುದಕ್ಕಿಂತ ಮಾಹಿತಿ ದೊಡ್ಡದು ಎನ್ನುವ ಒಆರ್‌ಎ-12899 ದೋಷ. ನಮ್ಮ ತಂಡದವನೊಬ್ಬ ರಾತ್ರೋರಾತ್ರಿ ಅದನ್ನು ‘ಸರಿ’ ಮಾಡಿದ. 30 ಬೈಟ್ ಆದಮೇಲೆ ಉಳಿದದ್ದನ್ನು ಕತ್ತರಿಸಿಬಿಡುವ ಒಂದು ಸಾಲು ಸೇರಿಸಿದ. ಲೋಡ್ ಹಸಿರಾಯಿತು. ವಾರದ ನಂತರ ಅಚ್ಚಾಗಿ ಬಂದ ಚೀಟಿಗಳಲ್ಲಿ ‘ಲಕ್ಷ್ಮೀನಾರ’ ಎಂದಿತ್ತು. ಕಾಲಂ ಅಳತೆ ನಿರ್ಧರಿಸಿದ್ದು ನಾನೇ, ಹಾಗಾಗಿ ಬೈಗುಳದಲ್ಲಿ ದೊಡ್ಡ ಪಾಲು ನನಗೇ ಬಂತು.

‘ಬ್ಯಾಕೆಂಡ್ ಡೆವಲಪರ್ ಆಗಲಾ, ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಆಗಲಾ, ಡೇಟಾ ಇಂಜಿನಿಯರ್ (ಹಲವು ಕಡೆಯ ಮಾಹಿತಿ ಸೇರಿಸಿ ವರದಿಗೆ ಸಿದ್ಧ ಮಾಡುವವರು) ಆಗಲಾ’ ಎಂದು ಕೇಳುವವರಿಗೆ ನಾನು ಈ ಹೆಸರಿನ ದಾರಿಯನ್ನೇ ತೋರಿಸುತ್ತೇನೆ. ಹುದ್ದೆಯ ಹೆಸರು ಕಂಪನಿಗೊಂದು ಥರ ಇರುತ್ತದೆ. ಲಕ್ಷ್ಮೀನಾರಾಯಣ ಎಲ್ಲಿ ಕೆಟ್ಟರೆ ರಾತ್ರಿ ನಿಮಗೆ ಫೋನ್ ಬರುತ್ತದೆ ಅನ್ನೋದೇ ನಿಮ್ಮ ಹುದ್ದೆ.

ಹುಡುಕಲು ಹೋದಾಗ ನಿಧಾನವಾದರೆ ಡೆವಲಪರ್‌ಗೆ ಬರುತ್ತದೆ. ಇಂಡೆಕ್ಸ್ ಅಂದರೆ ನಿಘಂಟಿನ ಕ್ರಮ ಇದ್ದ ಹಾಗೆ. ‘ಲಕ್ಷ್ಮೀ’ಯಿಂದ ಶುರುವಾಗುವ ಪದ ಬೇಕಾದರೆ ನೇರ ಆ ಪುಟಕ್ಕೆ ಹೋಗಬಹುದು. ‘ನಾರಾಯಣ’ ಎಂದು ಮುಗಿಯುವ ಪದಗಳೆಲ್ಲ ಬೇಕು ಅಂದರೆ? ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲೇಬೇಕು. ಪರ್ಸೆಂಟ್ ಚಿಹ್ನೆ (ಅಂದರೆ ‘ಇಲ್ಲಿ ಏನಾದರೂ ಇರಲಿ’) ಮುಂದೆ ಇಟ್ಟು ‘ಲೈಕ್’ ಎಂಬ ಹುಡುಕಾಟ ಬರೆದಾಗ ಸಾಮಾನ್ಯ ಇಂಡೆಕ್ಸ್ ಕೆಲಸಕ್ಕೆ ಬಾರದೆ ಹೋಗುವುದು ಇದಕ್ಕೇ. ಲ್ಯಾಪ್‌ಟಾಪಿನಲ್ಲಿ 200 ಸಾಲು ಇದ್ದಾಗ ಇದು ಗೊತ್ತೇ ಆಗಲ್ಲ. ಜನ ಬಳಸುವ ಸಿಸ್ಟಂನಲ್ಲಿ, ಅಂದರೆ ಪ್ರೊಡಕ್ಷನ್‌ನಲ್ಲಿ, ಒಂದು ಕೋಟಿ ಸಾಲು ಇದ್ದಾಗ ಗೊತ್ತಾಗುತ್ತದೆ.

ಇದಕ್ಕಿಂತ ಜಾಸ್ತಿ ನೋಡಿರುವುದು ಲೂಪಿನ ಕಾಯಿಲೆ. 5,000 ಅರ್ಜಿಗಳ ಪಟ್ಟಿ ತರುತ್ತಾರೆ. ಆಮೇಲೆ ಒಂದೊಂದು ಅರ್ಜಿಗೂ ಊರಿನ ಹೆಸರು ತರಲು ಬೇರೆ ಕ್ವೆರಿ, ಅಂದರೆ ಡೇಟಾಬೇಸಿಗೆ ಇನ್ನೊಂದು ಪ್ರಶ್ನೆ. ಒಂದೊಂದಕ್ಕೆ 2 ಮಿಲಿಸೆಕೆಂಡ್. ಯಾವ ಕ್ವೆರಿಯೂ ನಿಧಾನ ಅಲ್ಲ, ಒಟ್ಟು ಮಾತ್ರ 10 ಸೆಕೆಂಡ್. ಕ್ವೆರಿಗಳನ್ನು ತಾನೇ ಬರೆದುಕೊಳ್ಳುವ ಓಆರ್‌ಎಂ ಸಾಧನ ಬಳಸುವವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ, ಏಕೆಂದರೆ ಆ ಕ್ವೆರಿಗಳನ್ನು ಅವರು ಬರೆದೇ ಇರುವುದಿಲ್ಲ. ಎರಡು ಟೇಬಲ್ ಒಟ್ಟಿಗೆ ಓದುವ ಒಂದು ಜಾಯಿನ್ ಸಾಕಾಗುತ್ತಿತ್ತು, ಅಲ್ವಾ? ಫ್ರೇಮ್‌ವರ್ಕ್ ಯಾವುದೇ ಇರಲಿ, ಅದು ಕೆಳಗೆ ಕಳಿಸುತ್ತಿರುವ ಎಸ್‌ಕ್ಯುಎಲ್ (ಕ್ವೆರಿ ಬರೆಯುವ ಭಾಷೆ) ತೆಗೆದು ಓದುವ ಅಭ್ಯಾಸ ಇರುವ ಡೆವಲಪರ್ ಸಿಕ್ಕರೆ ನಾನು ಬಿಡುವುದಿಲ್ಲ. ಐಬಿಎಂನ ಎಡ್ಗರ್ ಕಾಡ್ ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ವಿಚಾರವನ್ನು 1970ರಲ್ಲಿ ಬರೆದರು. ಎಸ್‌ಕ್ಯುಎಲ್‌ನ ಮೊದಲ ರೂಪ 1974ರಲ್ಲಿ ಬಂತು. ನಾನು ಕೆಲಸಕ್ಕೆ ಸೇರಿದಾಗ ಕಲಿತದ್ದರಲ್ಲಿ ಇವತ್ತಿಗೂ ದಿನಾ ಅನ್ನ ಹಾಕುತ್ತಿರುವುದು ಇದೊಂದೇ.

ಹೆಸರೇ ಮಾಯವಾದರೆ ಫೋನ್ ಡಿಬಿಎಗೆ. ಅಮೆಜಾನ್ 2009ರಲ್ಲಿ ಡೇಟಾಬೇಸನ್ನು ತಾನೇ ನಡೆಸಿಕೊಡುವ ಆರ್‌ಡಿಎಸ್ ಸೇವೆ ತಂದಾಗಿನಿಂದ ‘ಡಿಬಿಎ ಕೆಲಸ ಮುಗೀತು’ ಎನ್ನುವ ಮಾತು ಕೇಳುತ್ತಲೇ ಇದ್ದೇನೆ. ಸರ್ವರ್ ಹಾಕೋದು, ಪ್ಯಾಚ್ ಮಾಡೋದು ನಿಜವಾಗಿಯೂ ಕೈಬಿಟ್ಟುಹೋಗಿದೆ. ಬ್ಯಾಕಪ್ ಕೂಡ ಒಂದು ಟಿಕ್ ಗುರುತಾಗಿದೆ. ಅದರಿಂದ ಮಾಹಿತಿ ಮರಳಿ ತರುವ ರಿಸ್ಟೋರ್ ಹಾಗಾಗಿಲ್ಲ.

2017ರ ಜನವರಿ 31ರ ರಾತ್ರಿ ಡೆವಲಪರ್‌ಗಳು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಆದದ್ದನ್ನು ಈ ಕೆಲಸಕ್ಕೆ ಬರುವವರೆಲ್ಲ ಓದಬೇಕು. ದಿನವಿಡೀ ದುಡಿದು ದಣಿದಿದ್ದ ಇಂಜಿನಿಯರ್ ಒಬ್ಬರು ನಕಲು ಇಡುವ ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾ ಡೈರೆಕ್ಟರಿಯನ್ನೇ ಅಳಿಸಿದರು. ಸುಮಾರು 300 ಜಿಬಿ ಸೆಕೆಂಡುಗಳಲ್ಲಿ ಹೋಯಿತು. ಮರಳಿ ತರಲು ಒಂದಲ್ಲ ಎರಡಲ್ಲ, ಹಲವು ವ್ಯವಸ್ಥೆಗಳಿದ್ದವು. ಬ್ಯಾಕಪ್ ತೆಗೆಯುವ ಪಿಜಿಡಂಪ್ ತಪ್ಪು ಆವೃತ್ತಿಯಿಂದಾಗಿ ದಿನಾ ಸೋಲುತ್ತಿತ್ತು. ಸೋತೆ ಎಂದು ಅದು ಕಳಿಸುತ್ತಿದ್ದ ಮೇಲ್ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಮಾಹಿತಿಯ ಪ್ರತಿ. ಆ ಆರು ಗಂಟೆಯ ಮಾಹಿತಿ ಹೋದದ್ದು ಹೋಯಿತು. ಇದನ್ನೆಲ್ಲ ಅವರು ಮುಚ್ಚಿಡದೆ ಬರೆದರು, ಅದಕ್ಕೆ ನನ್ನ ಸಲಾಂ. ಅದಾದ ಮೇಲೆ ನಾನು ಡಿಬಿಎಗಳಿಗೆ ‘ಬ್ಯಾಕಪ್ ಹೇಗೆ ತೆಗೀತೀರಿ’ ಎಂದು ಕೇಳುವುದನ್ನು ಬಿಟ್ಟೆ. ‘ಕೊನೆಯ ಸಲ ರಿಸ್ಟೋರ್ ಮಾಡಿ ನೋಡಿದ್ದು ಯಾವತ್ತು?’ ಎಂದು ಕೇಳುತ್ತೇನೆ.

ಒಬ್ಬ ಮನುಷ್ಯ ವರದಿಯಲ್ಲಿ ಇಬ್ಬರಾದರೆ ಡೇಟಾ ಇಂಜಿನಿಯರ್‌ಗೆ ಫೋನ್. ನಮ್ಮ ಹೆಸರಿನ ‘ಮೀ’ಯಲ್ಲೇ ಈ ಕಥೆ ಇದೆ. ದೀರ್ಘದ ಗುರುತನ್ನು ಯೂನಿಕೋಡಿನಲ್ಲಿ ಒಂದೇ ತುಂಡಾಗಿಯೂ ಇಡಬಹುದು, ಹ್ರಸ್ವದ ಗುರುತು ಮತ್ತು ಉದ್ದದ ಗುರುತು ಎಂದು ಎರಡು ತುಂಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಸಾಮಾನ್ಯವಾಗಿ ಡೇಟಾಬೇಸ್ ಬೈಟ್ ಹೋಲಿಸಿ ‘ಬೇರೆ ಬೇರೆ’ ಎನ್ನುತ್ತದೆ. ಒಳಗೆ ಬರುವಾಗಲೇ ಒಂದು ರೂಪಕ್ಕೆ ತಂದರೆ ಮುಗಿಯಿತು. ತರಬೇಕು ಎಂದು ಹೊಳೆಯಲು ಮಾತ್ರ ವರ್ಷಗಳು ಹಿಡಿಯುತ್ತವೆ.

ಎಐ ಬಗ್ಗೆ ಕೇಳುತ್ತಾರೆ. ಕ್ವೆರಿಯನ್ನು ಅದು ನನಗಿಂತ ಬೇಗ ಬರೆಯುತ್ತದೆ, ನಾನೂ ಬರೆಸುತ್ತೇನೆ. ನಿಮ್ಮ ಟೇಬಲ್‌ನಲ್ಲಿ ಸ್ಥಿತಿ 9 ಅಂದರೆ ‘ರದ್ದು’ ಎಂದೋ ‘ಹಳೆಯ ಸಿಸ್ಟಂನಿಂದ ಬಂದದ್ದು’ ಎಂದೋ ಅದಕ್ಕೆ ಯಾರಾದರೂ ಹೇಳಬೇಕು. ಅದು ಗೊತ್ತಿರುವ ವ್ಯಕ್ತಿ ಹೆಚ್ಚಾಗಿ ಅಕೌಂಟ್ಸ್ ವಿಭಾಗದಲ್ಲಿ ಕೂತಿರುತ್ತಾರೆ. ಹೋಗಿ ಅವರ ಜೊತೆ ಒಂದು ಟೀ ಕುಡಿಯಿರಿ.

ಹೊಸಬರಿಗೆ ನಾನು ಕೊಡುವ ಹೋಂವರ್ಕ್ ಇದು. ಪೋಸ್ಟ್‌ಗ್ರೆಸ್ ಉಚಿತ, ಹಾಕಿಕೊಳ್ಳಿ. ಸಾಲುಗಳನ್ನು ತಾನೇ ಹುಟ್ಟಿಸುವ ಜನರೇಟ್ ಸೀರೀಸ್ ಬಳಸಿ ಹತ್ತು ಲಕ್ಷ ಸಾಲಿನ ಟೇಬಲ್ ಮಾಡಿ. ಒಂದು ಹೆಸರು ಹುಡುಕಿ, ಡೇಟಾಬೇಸ್ ಹೇಗೆ ಹುಡುಕಿತು, ಎಷ್ಟು ಹೊತ್ತು ಹಿಡಿಯಿತು ಎಂದು ತೋರಿಸುವ ‘ಎಕ್ಸ್‌ಪ್ಲೇನ್ ಅನಲೈಜ್’ ಏನು ಹೇಳುತ್ತದೆ ಓದಿ. ಇಂಡೆಕ್ಸ್ ಹಾಕಿ ಮತ್ತೆ ಓದಿ. ಆಮೇಲೆ ಬ್ಯಾಕಪ್ ತೆಗೆದು, ಟೇಬಲ್ ಡ್ರಾಪ್ ಮಾಡಿ, ವಾಪಸ್ ತನ್ನಿ. ಎಷ್ಟು ನಿಮಿಷ ಹಿಡಿಯಿತು, ಎಲ್ಲಿ ಎಡವಿದಿರಿ ಎಂದು ರೆಸ್ಯೂಮೆಯಲ್ಲಿ ಒಂದು ಸಾಲು ಬರೆಯಿರಿ. ಇಂಟರ್‌ವ್ಯೂನಲ್ಲಿ ನಾನು ಮೊದಲು ಕೇಳುವುದು ಆ ಸಾಲಿನ ಬಗ್ಗೆಯೇ.