ಹೇರಿದ್ದು ಹಿಂದೆ, ಹಗುರಾದದ್ದು ಮುಂದೆ

ಕಲ್ಲುಮುಳ್ಳಿನ ಒರಟು ದಾರಿಯಲ್ಲಿ ಓಡಿಸುವ ಆಫ್‌ರೋಡ್ ಗಾಡಿಗೆ ಉಕ್ಕಿನ ಹಿಂಬದಿ ಬಂಪರ್ ಹಾಕಿಸಬೇಕು, ಅದರ ಮೇಲೆ ಸ್ಟೆಪ್ನಿ ಹೊರುವ ತೋಳು ಕೂರಿಸಬೇಕು ಅಂದುಕೊಂಡವರು ಮೊದಲು ಕೇಳುವುದು ಒಂದೇ ಮಾತು: "ಪ್ಲೇಟ್ ಎಷ್ಟು ಎಂಎಂ ದಪ್ಪ?" ದಪ್ಪ ಇದ್ದಷ್ಟೂ ಗಟ್ಟಿ ಅನ್ನುವ ನಂಬಿಕೆ ಬಹಳ ಆಳವಾಗಿ ಬೇರುಬಿಟ್ಟಿದೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಚಡಪಡಿಕೆ ಆಗುತ್ತದೆ. ಮೊದಲು ಕೇಳಬೇಕಾದ್ದು ಬೇರೆ. ಒಟ್ಟು ಎಷ್ಟು ಭಾರ? ಆ ಭಾರ ಹಿಂದಿನ ಆಕ್ಸಲ್‌ನಿಂದ, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಅಚ್ಚಿನಿಂದ, ಎಷ್ಟು ದೂರದಲ್ಲಿ ಕೂತಿದೆ?

ಒಂದು ಲೆಕ್ಕ ಹಾಕೋಣ. ಗಾಡಿಯ ಎರಡು ಆಕ್ಸಲ್‌ಗಳ ನಡುವೆ 2.5 ಮೀಟರ್ ಅಂತರ ಇದೆ ಅಂತ ಇಟ್ಟುಕೊಳ್ಳಿ. ಹೊಸ ಬಂಪರ್, ತೋಳು, ದೊಡ್ಡ ಟೈರು ಎಲ್ಲ ಸೇರಿ ಮೊದಲಿಗಿಂತ 100 ಕಿಲೋ ಜಾಸ್ತಿ ಆಯಿತು. ಆ ಭಾರ ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಆಚೆ ಇದೆ. ಈಗ ಹಿಂದಿನ ಚಕ್ರಗಳ ಮೇಲೆ ಎಷ್ಟು ಹೆಚ್ಚಿತು? 100 ಕಿಲೋ ಅಲ್ಲ, 140 ಕಿಲೋ! ಆ 40 ಕಿಲೋ ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ. ಅವು ಅಷ್ಟೇ ಹಗುರಾದವು.

ಬಂಡೆ ಎಬ್ಬಿಸಲು ಹಾರೆ ಹಾಕುತ್ತೇವಲ್ಲ, ಇದೂ ಅದೇ. ಗಾಡಿಯನ್ನೆಲ್ಲ ಹೊರುವ ಉಕ್ಕಿನ ಚೌಕಟ್ಟು, ಅಂದರೆ ಚಾಸಿಯೇ ಹಾರೆ. ಹಿಂದಿನ ಆಕ್ಸಲ್ ಅದರ ಕೆಳಗೆ ಕೊಟ್ಟ ಕಲ್ಲು. ಹಿಂದೆ ಅದುಮಿದರೆ ಮುಂದೆ ಏಳುತ್ತದೆ. ಇನ್ನೊಂದು ರೀತಿಯಲ್ಲೂ ನೋಡಬಹುದು. ತುಂಬಿದ ಕೊಡವನ್ನು ಸೊಂಟಕ್ಕೆ ಆನಿಸಿಕೊಂಡರೆ ಸಲೀಸಾಗಿ ನಡೆಯಬಹುದು. ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ನಾಲ್ಕು ಹೆಜ್ಜೆಗೆ ಭುಜ ಸೋಲುತ್ತದೆ. ಕೊಡದ ತೂಕ ಬದಲಾಗಲಿಲ್ಲ, ದೂರ ಬದಲಾಯಿತು. ಗಾಡಿ ತನ್ನ ಸ್ಟೆಪ್ನಿಯನ್ನು ಹೀಗೆ ಕೈ ಚಾಚಿಯೇ ಹಿಡಿದಿರುತ್ತದೆ. ಅದೇ 100 ಕಿಲೋ ಎರಡು ಆಕ್ಸಲ್‌ಗಳ ನಟ್ಟನಡುವೆ ಇದ್ದಿದ್ದರೆ ಹಿಂದೆ 50, ಮುಂದೆ 50 ಅಂತ ಸಮನಾಗಿ ಹಂಚಿಹೋಗುತ್ತಿತ್ತು.

ಸಪಾಟು ರಸ್ತೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಕಡಿದಾದ ಏರಿನಲ್ಲಿ ಗೊತ್ತಾಗುತ್ತದೆ. ಅಲ್ಲಿ ಗಾಡಿಯ ಭಾರ ಹೇಗೂ ಹಿಂದಿನ ಚಕ್ರಗಳ ಮೇಲೆ ಬಿದ್ದಿರುತ್ತದೆ. ಮುಂದಿನ ಚಕ್ರ ಇನ್ನೂ ಹಗುರಾದರೆ ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗದೆ ನೇರ ಜಾರುತ್ತದೆ. ಮೂತಿ ಮೇಲೆದ್ದದ್ದರಿಂದ ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಇನ್ನೊಂದು ನಷ್ಟವೂ ಇದೆ. ಇಳಿಜಾರಿನ ಬುಡದಲ್ಲಿ ಗಾಡಿಯ ಹಿಂಭಾಗ ನೆಲಕ್ಕೆ ಉಜ್ಜಬಾರದು ಅಂತಲೇ ಎತ್ತರದ ಬಂಪರ್ ಹಾಕಿಸುತ್ತೇವೆ. ಬಂಪರ್‌ನ ಕೆಳ ಅಂಚು 5 ಸೆಂಟಿಮೀಟರ್ ಮೇಲೇರಿತು, ಆದರೆ ಭಾರಕ್ಕೆ ಸ್ಪ್ರಿಂಗ್ ಕುಗ್ಗಿ ಹಿಂಭಾಗ 3 ಸೆಂಟಿಮೀಟರ್ ಕೆಳಗಿಳಿಯಿತು ಅಂದರೆ ಗಳಿಸಿದ್ದು 2 ಮಾತ್ರ. ಹಾಗಾಗಿ ಬಂಪರ್ ಜೊತೆಗೇ ಸ್ಪ್ರಿಂಗಿನ ಲೆಕ್ಕವನ್ನೂ ಹಾಕಬೇಕು.

ಸ್ಟೆಪ್ನಿ ಅನ್ನುವ ಹೆಸರಿನ ಹಿಂದೆ ಒಂದು ಚಂದದ ಕತೆ ಇದೆ. ಮೊದಮೊದಲ ಕಾರುಗಳಲ್ಲಿ ಬದಲಿ ಚಕ್ರ ಇರುತ್ತಿರಲಿಲ್ಲ. ಪಂಕ್ಚರ್ ಆದರೆ ದಾರಿಯಲ್ಲೇ ಕೂತು ಟೈರು ಬಿಚ್ಚಿ ತೇಪೆ ಹಾಕಬೇಕಿತ್ತು. 1904ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಥ್ಲಿ ಊರಿನ ವಾಲ್ಟರ್ ಡೇವಿಸ್ ಮತ್ತು ಟಾಮ್ ಡೇವಿಸ್ ಎಂಬ ಅಣ್ಣತಮ್ಮಂದಿರು ಒಂದು ಉಪಾಯ ಮಾಡಿದರು. ಗಾಳಿ ತುಂಬಿದ ಟೈರನ್ನು ಕಡ್ಡಿಗಳಿಲ್ಲದ ಒಂದು ರಿಮ್‌ಗೆ ಹಾಕಿ, ಪಂಕ್ಚರ್ ಆದ ಚಕ್ರದ ಪಕ್ಕಕ್ಕೇ ಬಿಗಿದುಬಿಡುವುದು! ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಬೀದಿಯ ಹೆಸರು ಚಕ್ರಕ್ಕೆ ಅಂಟಿಕೊಂಡು ನಮ್ಮ ಮಾತಿಗೂ ಬಂತು.

ಅಂದಿನ ಸ್ಟೆಪ್ನಿ ಸಣಕಲು. ಇಂದಿನ ಆಫ್‌ರೋಡ್ ಟೈರು ರಿಮ್ ಸೇರಿ 40 ಕಿಲೋ ತೂಗುವುದು ಸಾಮಾನ್ಯ. ಹಿಂಬಾಗಿಲ ತಗಡು ಕಂಪನಿ ಕೊಟ್ಟ ಚಕ್ರವನ್ನು ಹೊರಲು ತಯಾರಾದದ್ದು. ಅದರ ಮೇಲೆ ಇಂಥ ಟೈರು ನೇತುಹಾಕಿದರೆ ಬಿಜಾಗರಿ ಜೋತುಬೀಳುತ್ತದೆ, ತಗಡು ಬಿರಿಯುತ್ತದೆ. ಅದಕ್ಕೇ ಭಾರವನ್ನು ಬಾಗಿಲಿನಿಂದ ಬಿಡಿಸಿ, ಬಂಪರ್ ಮೂಲಕ ಚಾಸಿಗೆ ದಾಟಿಸುವ ತೋಳು ಬೇಕು. ಹಿಂಬಾಗಿಲು ತೆರೆಯಲು ಅಡ್ಡಿಯಾಗದಂತೆ ಈ ತೋಳು ಬಂಪರ್‌ನ ಒಂದು ಮೂಲೆಯಲ್ಲಿ ಗೂಟದ ಸುತ್ತ ತಿರುಗುತ್ತದೆ, ಇನ್ನೊಂದು ಮೂಲೆಯಲ್ಲಿ ಕೊಕ್ಕೆಗೆ ಬೀಳುತ್ತದೆ.

ಆ ಗೂಟದ ಪಾಡು ನೋಡಿ. ತೋಳು ತೆರೆದಾಗ 40 ಕಿಲೋ ಚಕ್ರ ಗೂಟದಿಂದ 70 ಸೆಂಟಿಮೀಟರ್ ದೂರದಲ್ಲಿ ನೇತಾಡುತ್ತದೆ. ಗೂಟಕ್ಕೆ ಮೇಲೊಂದು ಕೆಳಗೊಂದು ಬೇರಿಂಗ್ ಇರುತ್ತದೆ. ಎರಡರ ನಡುವೆ 10 ಸೆಂಟಿಮೀಟರ್ ಇದ್ದರೆ, ಮೇಲಿನದನ್ನು ಹೊರಕ್ಕೆ ಎಳೆಯುವ ಬಲ 280 ಕಿಲೋ ಭಾರದಷ್ಟು. ಕೆಳಗಿನದನ್ನು ಒಳಕ್ಕೆ ತಳ್ಳುವ ಬಲವೂ ಅಷ್ಟೇ. ಅಂತರವನ್ನು 20 ಸೆಂಟಿಮೀಟರ್ ಮಾಡಿ, ಬಲ 140ಕ್ಕೆ ಇಳಿಯುತ್ತದೆ. ಉಕ್ಕು ಒಂದು ಎಂಎಂ ಕೂಡ ದಪ್ಪ ಆಗಲಿಲ್ಲ! ಮನೆಯ ಬಾಗಿಲಿಗೆ ಬಿಜಾಗರಿಗಳನ್ನು ಒಂದರ ಪಕ್ಕ ಒಂದು ಹೊಡೆಯದೆ, ಮೇಲೊಂದು ಕೆಳಗೊಂದು ಹೊಡೆಯುವುದೂ ಇದಕ್ಕೇ ಅಲ್ವಾ?

ಒಮ್ಮೆ ಭಾರ ಹೇರಿದರೆ ಮುರಿಯದ ಉಕ್ಕು ಲಕ್ಷ ಸಲ ಅಲುಗಿದರೆ ಮುರಿಯಬಹುದು. 1842ರ ಮೇ 8ರಂದು ವರ್ಸೈಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ನಿನ ಆಕ್ಸಲ್ ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಕಬ್ಬಿಣ ಓಡಿ ಓಡಿ ಒಳಗೆ ಹರಳುಗಟ್ಟುತ್ತದೆ ಅಂತ ಆಗ ಅನೇಕರು ನಂಬಿದ್ದರು. ಇಂದಿಗೂ ಹೀಗೆ ಹೇಳುವವರಿದ್ದಾರೆ. ತಪ್ಪು. ಲೋಹ ಮೊದಲಿನಿಂದಲೂ ಹರಳಿನ ರಚನೆಯದ್ದೇ. ಮುಂದಿನ ವರ್ಷವೇ ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ರಾಂಕಿನ್ ಮುರಿದ ಆಕ್ಸಲ್‌ಗಳನ್ನು ಪರೀಕ್ಷಿಸಿ, ಬಿರುಕು ಚೂಪು ಮೂಲೆಯಲ್ಲಿ ಹುಟ್ಟಿ ನಿಧಾನವಾಗಿ ಒಳಕ್ಕೆ ಬೆಳೆಯುತ್ತದೆ ಅಂತ ತೋರಿಸಿದರು. ಆಮೇಲೆ ಜರ್ಮನಿಯ ಆಗಸ್ಟ್ ವೋಲರ್ ಆಕ್ಸಲ್‌ಗಳನ್ನು ಮತ್ತೆ ಮತ್ತೆ ಬಾಗಿಸಿ ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ಮುರಿಯುವ ಬಲಕ್ಕಿಂತ ಬಹಳ ಕಡಿಮೆ ಬಲವೂ ಸಾಕಷ್ಟು ಸಲ ಬಿದ್ದರೆ ಉಕ್ಕನ್ನು ಮುರಿಯುತ್ತದೆ. ಆದರೆ ಒಂದು ಮಿತಿಗಿಂತ ಕೆಳಗಿದ್ದರೆ ಅದು ತಾಳಿಕೊಳ್ಳುತ್ತದೆ.

ಒರಟು ದಾರಿಯಲ್ಲಿ ಸ್ಟೆಪ್ನಿ ಸೆಕೆಂಡಿಗೆ 5 ಸಲ ಅಲುಗಿತು ಅಂದುಕೊಂಡರೆ ಗಂಟೆಗೆ 18,000 ಸಲ ಆಯಿತು. 56 ಗಂಟೆಗೆ ಹತ್ತು ಲಕ್ಷ ದಾಟುತ್ತದೆ. ಬಿರುಕು ಸಾಮಾನ್ಯವಾಗಿ ಹುಟ್ಟುವುದು ಪ್ಲೇಟಿನ ನಡುವೆ ಅಲ್ಲ, ವೆಲ್ಡಿಂಗ್ ಮುಗಿಯುವ ಅಂಚಿನಲ್ಲಿ. ಎಂಎಂ ಹೆಚ್ಚಿಸಿದರೆ ಭಾರವೂ ಹೆಚ್ಚಿ, ಅದೇ ಅಂಚನ್ನು ಇನ್ನಷ್ಟು ಜಗ್ಗುತ್ತದೆ. ಆ ಮೂಲೆಗೆ ಒಂದು ತ್ರಿಕೋನದ ಆಸರೆ ಪಟ್ಟಿ ಕೊಟ್ಟು ಬಲವನ್ನು ಹಂಚುವುದು ಜಾಣತನ.

ಕೊಕ್ಕೆಯನ್ನು ಮಾತ್ರ ಕಡೆಗಣಿಸಬೇಡಿ. ಮುಚ್ಚಿದ ತೋಳು ಎರಡೂ ತುದಿಯಲ್ಲಿ ಊರಿ ನಿಂತರೆ ಗೂಟಕ್ಕೆ ಅರ್ಧ ಬಿಡುವು. ಕೊಕ್ಕೆ ಒಂದೇ ಮಿಲಿಮೀಟರ್ ಸಡಿಲ ಇದ್ದರೂ ಪ್ರತಿ ಗುಂಡಿಗೂ ತೋಳು ಎದ್ದು ಬೀಳುತ್ತದೆ, ಸುತ್ತಿಗೆಯಲ್ಲಿ ಹೊಡೆದ ಹಾಗೆ. ಹಾಗಾಗಿ ತೋಳನ್ನು ರಬ್ಬರ್ ಗಟ್ಟಿಯ ಮೇಲೆ ಒತ್ತಿ ಬಿಗಿಯುವ ಕೊಕ್ಕೆಯೇ ಬೇಕು. ನನ್ನ ಗಾಡಿಯಲ್ಲಿ ಒಮ್ಮೆ ಹಿಂದಿನಿಂದ ಟಕ್ ಟಕ್ ಸದ್ದು ಶುರುವಾಯಿತು. ಸುಮ್ನೆ ಜ್ಯಾಕ್ ಅಲುಗುತ್ತಿರಬೇಕು ಅಂದುಕೊಂಡು ಹದಿನೈದು ದಿನ ಓಡಿಸಿದೆ. ಕೊನೆಗೊಂದು ದಿನ ತೊಳೆಯುವಾಗ ಗೂಟದ ಬುಡದ ವೆಲ್ಡಿಂಗ್ ಪಕ್ಕದಲ್ಲಿ ಕೂದಲೆಳೆಯಷ್ಟು ತೆಳ್ಳಗಿನ ಕೆಂಪು ಗೆರೆ ಕಂಡಿತು. ಬಣ್ಣ ಕೆರೆದು ನೋಡಿದರೆ ಅದು ಬಿರುಕಿನಿಂದ ಇಳಿದ ತುಕ್ಕು.