ಸಕ್ಕರೆ ಕಾಯಿಲೆ ಇರುವ ತಂದೆಯ ಮರೆವಿಗೆ ನಡಿಗೆ, ಪಥ್ಯ ಮದ್ದಾಗುವುದೇ?

ಪ್ರಶ್ನೆ: ತಂದೆಯವರಿಗೆ 66 ವರ್ಷ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಕೊಡಗಿನ ನಾಪೋಕ್ಲು ಕಡೆ ನಮ್ಮದು ಚಿಕ್ಕ ಕಾಫಿ ತೋಟ. ಚೆಕ್‌ರೋಲಿನ (ಆಳುಗಳ ಹಾಜರಿ, ಕೂಲಿಯ ಪಟ್ಟಿ) ಲೆಕ್ಕವನ್ನು ಬಾಯಲ್ಲೇ ಕೂಡಿಸುತ್ತಿದ್ದವರು ಈಗ ಪದೇ ಪದೇ ತಪ್ಪುತ್ತಾರೆ. ವ್ಯಾಯಾಮ ಮತ್ತು ಪಥ್ಯದಿಂದ ಬುದ್ಧಿ ಮೊದಲಿನಂತಾಗುವುದೇ?

ಉತ್ತರ: ಮೊದಲಿನಂತೆಯೇ ಆಗುತ್ತದೆ ಎಂದು ಭರವಸೆ ಕೊಡಲಾರೆ. ಕುಸಿತದ ವೇಗ ತಗ್ಗಿಸಲು ಅವಕಾಶವಿದೆ. ಆದರೆ ನಡಿಗೆಗೂ ಮುನ್ನ ವೈದ್ಯರಲ್ಲಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗುವುದುಂಟು. ಅದರಿಂದಲೂ ಮರೆವು ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ. ಥೈರಾಯ್ಡ್ ತೊಂದರೆ, ಮನಸ್ಸಿನ ಖಿನ್ನತೆ, ಕಿವಿ ಮಂದವಾಗಿರುವುದು ಕೂಡ ಮರೆವಿನಂತೆಯೇ ಕಾಣುತ್ತವೆ. ಚಿಕಿತ್ಸೆ ಇರುವ ಇಂಥವನ್ನು ವಯಸ್ಸಾಯಿತೆಂದು ತಳ್ಳಿಹಾಕುವುದು ಹಿರಿಯರಿಗೆ ಮಾಡುವ ಅನ್ಯಾಯ. ಆದರೆ ಮಾತು ಒಮ್ಮೆಲೇ ತೊದಲಿದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹೆಚ್ಚಿದ ಸಕ್ಕರೆ ಮಿದುಳಿನ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ. ತೀರಾ ಇಳಿದ ಸಕ್ಕರೆಯೂ ಅಷ್ಟೇ ಅಪಾಯ. ಕಾಫಿ ಕುಯ್ಲಿನ ದಿನಗಳಲ್ಲಿ ಇನ್ಸುಲಿನ್ ಚುಚ್ಚಿಕೊಂಡು, ತಿಂಡಿಯನ್ನು ಆಮೇಲೆ ನೋಡೋಣವೆಂದು ತೋಟಕ್ಕಿಳಿಯುವವರು ನಮ್ಮಲ್ಲಿ ಎಷ್ಟು ಮಂದಿ! ಬೆವರು, ನಡುಕ, ಗಲಿಬಿಲಿ ಕಂಡರೆ ತಕ್ಷಣ ಮೂರು ಚಮಚ ಸಕ್ಕರೆ ಕದಡಿದ ನೀರು ಕುಡಿಸಬೇಕು. ಹೀಗೆ ಸಕ್ಕರೆ ವಿಪರೀತ ಇಳಿದವರಲ್ಲಿ ಮುಂದೆ ಮರೆವಿನ ಕಾಯಿಲೆ ಹೆಚ್ಚಾಗಿ ಕಂಡಿದೆ. ಆದ್ದರಿಂದ ಪಥ್ಯವೆಂದರೆ ಉಪವಾಸವಲ್ಲ.

ಅಮೆರಿಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಸಕ್ಕರೆ ಕಾಯಿಲೆಯವರ ಮೇಲೆ ನಡೆದ ‘ಲುಕ್ ಅಹೆಡ್’ ಅಧ್ಯಯನದಲ್ಲಿ ತೂಕ ಇಳಿಸುವ ಪಥ್ಯ ಮತ್ತು ವ್ಯಾಯಾಮದಿಂದ ಬುದ್ಧಿಶಕ್ತಿಗೆ ಒಟ್ಟಾರೆ ಲಾಭ ಕಾಣಲಿಲ್ಲ. ಫಿನ್ಲೆಂಡಿನ ‘ಫಿಂಗರ್’ ಅಧ್ಯಯನದ (2015) ಕಥೆ ಬೇರೆ. ಅಲ್ಲಿ ಮರೆವಿನ ಅಪಾಯವಿದ್ದ 60ರಿಂದ 77 ವಯಸ್ಸಿನ 1,260 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಆಹಾರ, ವ್ಯಾಯಾಮ, ಮಿದುಳಿಗೆ ಕೆಲಸ, ರಕ್ತದೊತ್ತಡ ಮುಂತಾದವುಗಳ ನಿಗಾ, ಈ ನಾಲ್ಕನ್ನೂ ಒಟ್ಟಿಗೆ ಕೊಟ್ಟರು. ಎರಡು ವರ್ಷದಲ್ಲಿ ಅವರು ಉಳಿದವರಿಗಿಂತ ಮುಂದಿದ್ದರು. ಎಲ್ಲರೂ ಸಕ್ಕರೆ ಕಾಯಿಲೆಯವರಲ್ಲ, ನಿಜ. ಆದರೂ ನಾಲ್ಕನ್ನೂ ಜೊತೆಯಾಗಿ ಹಿಡಿಯುವುದೇ ಸರಿಯಾದ ದಾರಿ ಎಂದು ನನಗನಿಸುತ್ತದೆ.

ನಮ್ಮ ಅಡುಗೆಮನೆಯ ಕಷ್ಟ ಅಕ್ಕಿಯದು. ಬೆಳಿಗ್ಗೆ ಅಕ್ಕಿ ತರಿಯ ಪಾಪುಟ್ಟು, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿ ರೊಟ್ಟಿ. ಅಕ್ಕಿ ಕಡುಬಾದ ಕಡಂಬುಟ್ಟು ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಬಿಡಲೂ ಬೇಕಿಲ್ಲ; ನಾಲ್ಕು ತಿನ್ನುವ ಕಡೆ ಎರಡು ಸಾಕು. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ, ಜೊತೆಗೆ ಕಾಳು, ಮೊಟ್ಟೆ ಅಥವಾ ಮೀನು ಇರಲಿ. ಮಳೆಗಾಲದಲ್ಲಿ ಕೆಸುವಿನ ಸೊಪ್ಪು, ಬೈಂಬಳೆ (ಎಳೆ ಬಿದಿರು) ಮನೆಯ ಸುತ್ತಲೇ ಸಿಗುತ್ತವೆ. ಪಂದಿ ಕರಿ ಅಪರೂಪಕ್ಕಿರಲಿ, ಕೊಬ್ಬು ತೆಗೆದು. ಬೆಲ್ಲದ ಕಾಫಿಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು: ರಕ್ತದ ಪಾಲಿಗೆ ಬೆಲ್ಲವೂ ಸಕ್ಕರೆಯೇ.

ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು. ತೋಟದಲ್ಲಿ ನಿಂತು ಕೆಲಸ ಮಾಡಿಸುವುದು ಇದರ ಲೆಕ್ಕಕ್ಕೆ ಬರುವುದಿಲ್ಲ. ಊಟದ ಬಳಿಕ ಹತ್ತು ಹದಿನೈದು ನಿಮಿಷ ನಡೆದರೆ ಸಕ್ಕರೆಯ ಏರಿಕೆ ತಗ್ಗುತ್ತದೆ. ಆನೆ ಓಡಾಡುವ ಕಡೆ ಮುಂಜಾವಿನ ಕತ್ತಲಲ್ಲಿ ಹೊರಡುವುದು ಬೇಡ. ಬೆಳಕು ಹರಿದ ಮೇಲೆ ಕಣದಲ್ಲೇ ಸುತ್ತು ಹಾಕಲಿ, ಜಡಿಮಳೆಯಲ್ಲಿ ಜಗಲಿ ಸಾಕು. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಏಳುವುದು ಒಳ್ಳೆಯ ಸ್ನಾಯು ವ್ಯಾಯಾಮ. ಗಂಬೂಟು ಕಳಚಿದೊಡನೆ ಪಾದ ನೋಡಿ. ಸ್ಪರ್ಶ ಕುಂದಿದ ಕಾಲಿಗೆ ಗಾಯವಾದದ್ದು, ಜಿಗಣೆ ಕಚ್ಚಿದ್ದು ತಿಳಿಯುವುದಿಲ್ಲ.

ಇನ್ನು ಚೆಕ್‌ರೋಲ್. ತಪ್ಪುತ್ತಾರೆಂದು ಅದನ್ನು ಅವರ ಕೈಯಿಂದ ತೆಗೆದುಕೊಳ್ಳಬೇಡಿ. ಬಟವಾಡೆಯ ಹಿಂದಿನ ಸಂಜೆ ಮೊದಲು ಅವರೇ ಕೂಡಿಸಲಿ, ನೀವು ಪಕ್ಕದಲ್ಲಿ ಕುಳಿತು ತಾಳೆ ನೋಡಿ.